ಚಿನ್ನವೋ ವಿಕಿರಣವೋ: ಎಂ.ಎಸ್ಸಿ. ಪ್ರಾಜೆಕ್ಟಿಗೆ ವಿಷಯ ಆರಿಸುವ ಮುನ್ನ

ನಾಲ್ಕನೆಯ ಸೆಮಿಸ್ಟರ್ ಬಂತೆಂದರೆ ದಾವಣಗೆರೆ, ಚಿತ್ರದುರ್ಗದ ಕಡೆಯ ಎಂ.ಎಸ್ಸಿ. ವಿದ್ಯಾರ್ಥಿಗಳು ಪ್ರಾಜೆಕ್ಟ್ ವಿಷಯ ಹುಡುಕಿಕೊಂಡು ಅಲೆಯುತ್ತಾರೆ. ರಸಾಯನಶಾಸ್ತ್ರದವರಲ್ಲಿ ಹಲವರಿಗೆ ಚಿನ್ನದ ನ್ಯಾನೊಕಣಗಳನ್ನು ವೇಗವರ್ಧಕವಾಗಿ ಬಳಸುವ ಕೆಲಸ ಬೇಕು. ಭೌತಶಾಸ್ತ್ರದವರಿಗೆ ವಿಕಿರಣದ ಡೋಸ್ ಅಳೆಯುವ ಕೆಲಸ ಬೇಕು. ನಡುವೆ ನಿಂತವರು ಎರಡರಲ್ಲಿ ಯಾವುದು ಸುಲಭ ಎಂದು ಕೇಳುತ್ತಾರೆ. ನನ್ನ ಪ್ರಕಾರ ಸುಲಭ ಎನ್ನುವುದು ಇಲ್ಲಿ ಕೇಳಬೇಕಾದ ಪ್ರಶ್ನೆಯೇ ಅಲ್ಲ. ಚಿನ್ನದ ಕೆಲಸದಲ್ಲಿ ಅಂಕಿ ಬೇಗ ಸಿಗುತ್ತದೆ, ಅದನ್ನು ಬೇರೆಯವರು ನಂಬುವಂತೆ ಮಾಡುವುದು ಕಷ್ಟ. ಡೋಸ್ ಕೆಲಸದಲ್ಲಿ ಅಂಕಿ ಸಿಗುವುದೇ ಕಷ್ಟ, ಸಿಕ್ಕ ಮೇಲೆ ಅದನ್ನು ಅಲುಗಾಡಿಸುವುದು ಸುಲಭವಲ್ಲ. ಈ ಎರಡು ಕಷ್ಟಗಳಲ್ಲಿ ನಿಮಗೆ ಯಾವುದು ಒಗ್ಗುತ್ತದೆ ಎಂದು ಮೊದಲು ಕೇಳಿಕೊಳ್ಳಿ.

ಈ ಎರಡು ವಿಷಯಗಳು ಹೊರನೋಟಕ್ಕೆ ಕಾಣುವಷ್ಟು ದೂರದವಲ್ಲ. ಸಣ್ಣ ಪ್ರಯೋಗಾಲಯದಲ್ಲಿ ಎರಡೂ ಬಂದು ಕೂರುವುದು ಒಂದೇ ಮೇಜಿನ ಮುಂದೆ, ಯುವಿ-ವಿಸಿಬಲ್ ಸ್ಪೆಕ್ಟ್ರೋಫೋಟೋಮೀಟರಿನ ಮುಂದೆ. ದ್ರಾವಣ ಯಾವ ಬೆಳಕನ್ನು ಎಷ್ಟು ಹೀರುತ್ತದೆ ಎಂದು ಅಳೆಯುವ ಯಂತ್ರ ಅದು. ಚಿನ್ನದ ದ್ರಾವಣದ ಬಣ್ಣವನ್ನೂ ಅದೇ ಓದುತ್ತದೆ, ವಿಕಿರಣ ತಗುಲಿದ ಕಬ್ಬಿಣದ ಲವಣವನ್ನೂ ಅದೇ ಓದುತ್ತದೆ. ನಮ್ಮ ಕಡೆಯ ವಿಭಾಗಗಳಲ್ಲಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ಇಲ್ಲದಿರಬಹುದು, ಈ ಯಂತ್ರ ಸಾಮಾನ್ಯವಾಗಿ ಇರುತ್ತದೆ. ಹಾಗಾಗಿ ಇಲ್ಲಿನ ಹೋಲಿಕೆಯನ್ನೆಲ್ಲ ಆ ಮೇಜಿನಿಂದ ಎಷ್ಟು ದೂರ ಹೋಗಬೇಕು ಎಂಬ ಲೆಕ್ಕದಲ್ಲಿಯೇ ಮಾಡುತ್ತೇನೆ.

ಚಿನ್ನದ ದಾರಿ

ಚಿನ್ನ ಯಾವುದರೊಡನೆಯೂ ಬೆರೆಯದ ಲೋಹ ಎಂದು ಶಾಲೆಯಲ್ಲಿ ಓದಿದ್ದು ಸುಳ್ಳಲ್ಲ, ಅರ್ಧ ಸತ್ಯ. 1985ರಲ್ಲಿ ಗ್ರಹಾಂ ಹಚಿಂಗ್ಸ್ ಅವರು ಅಸಿಟಿಲೀನಿನಿಂದ ವಿನೈಲ್ ಕ್ಲೋರೈಡ್ ಮಾಡುವ ಕ್ರಿಯೆಗೆ ಚಿನ್ನವೇ ಅತ್ಯುತ್ತಮ ವೇಗವರ್ಧಕವಾದೀತು ಎಂದು ಲೆಕ್ಕ ಹಾಕಿ ಹೇಳಿದರು. 1987ರಲ್ಲಿ ಜಪಾನಿನ ಮಸಾಟಾಕೆ ಹರೂಟ ಮತ್ತು ಸಂಗಡಿಗರು ಲೋಹದ ಆಕ್ಸೈಡುಗಳ ಮೇಲೆ ಕೂರಿಸಿದ ಚಿನ್ನದ ಅತಿ ಸಣ್ಣ ಕಣಗಳು ಮೈನಸ್ 70 ಡಿಗ್ರಿ ಸೆಲ್ಸಿಯಸ್‌ನಲ್ಲಿಯೂ ಕಾರ್ಬನ್ ಮಾನಾಕ್ಸೈಡನ್ನು ಉರಿಸುತ್ತವೆ ಎಂದು ತೋರಿಸಿದರು. ಹೀಗೆ ಉರಿಸುವ ಕೆಲಸದಲ್ಲಿ ಗುಟ್ಟಿರುವುದು ಗಾತ್ರದಲ್ಲಿ. ಕಣ ಐದು ನ್ಯಾನೊಮೀಟರಿಗಿಂತ ಚಿಕ್ಕದಿದ್ದರೆ ಚುರುಕು, ಅದನ್ನು ದಾಟಿ ಬೆಳೆದಂತೆ ಜಡ. ಹಚಿಂಗ್ಸ್ ಅವರ ಮಾತು ಕಾರ್ಖಾನೆ ತಲುಪಲು ದಶಕಗಳೇ ಹಿಡಿದವು. ಚೀನಾದಲ್ಲಿ ಕಲ್ಲಿದ್ದಲನ್ನು ಆಧರಿಸಿದ ವಿನೈಲ್ ಕ್ಲೋರೈಡ್ ತಯಾರಿಕೆಯ ಕೆಲವು ಕಾರ್ಖಾನೆಗಳಲ್ಲಿ ಪಾದರಸದ ಲವಣದ ಜಾಗಕ್ಕೆ ಚಿನ್ನದ ವೇಗವರ್ಧಕ ಬಂದಿದೆ. ಪ್ರಾಜೆಕ್ಟ್ ವರದಿಯ ಮುನ್ನುಡಿಗೆ ಇಷ್ಟು ಸಾಕು. ಇಪ್ಪತ್ತು ಪುಟದ ಚರಿತ್ರೆ ಬರೆದು ಪ್ರಯೋಗಕ್ಕೆ ಆರು ಪುಟ ಕೊಡುವ ವರದಿಗಳನ್ನು ಓದಿ ಓದಿ ಬೇಸತ್ತು ಹೇಳುತ್ತಿದ್ದೇನೆ.

ಈ ದಾರಿಯಲ್ಲಿ ನಿಮ್ಮ ಮುಂದೆ ಎರಡು ಕವಲುಗಳಿವೆ. ಒಂದು, ನೀರಿನಲ್ಲಿ ತೇಲುವ ಚಿನ್ನದ ಕಣಗಳಿಂದ 4-ನೈಟ್ರೋಫಿನಾಲ್ ಎಂಬ ರಾಸಾಯನಿಕವನ್ನು ಅಮೈನೋಫಿನಾಲಾಗಿ ಬದಲಿಸುವುದು. ಇನ್ನೊಂದು, ಟೈಟಾನಿಯಂ ಡೈಆಕ್ಸೈಡಿನಂಥ ಪುಡಿಯ ಮೇಲೆ ಚಿನ್ನ ಕೂರಿಸಿ ಕಾರ್ಬನ್ ಮಾನಾಕ್ಸೈಡನ್ನು ಉರಿಸುವುದು.

ಎರಡನೆಯದನ್ನು ಮೊದಲೇ ಪಕ್ಕಕ್ಕಿಡುತ್ತೇನೆ. ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯಿಲ್ಲ, ಬಣ್ಣವಿಲ್ಲ. ಎಚ್ಚರಿಕೆ ಗಂಟೆಯಿಲ್ಲದ, ಹೊಗೆಕೊಳವೆ ಸರಿಯಿಲ್ಲದ ಕೋಣೆಯಲ್ಲಿ ಆ ಸಿಲಿಂಡರಿನ ಕೀಲಿ ತಿರುಗಿಸುವುದು ಹುಡುಗಾಟವಲ್ಲ. ಅದರ ಜೊತೆಗೆ ಅನಿಲಗಳನ್ನು ಬೇರ್ಪಡಿಸಿ ಅಳೆಯುವ ಅನಿಲ ಕ್ರೊಮ್ಯಾಟೊಗ್ರಾಫ್ ಬೇಕು, ಕಣದ ಗಾತ್ರ ನೋಡಲು ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ಬೇಕು. ಚಿನ್ನದ ಲವಣದಿಂದ ಬಂದ ಕ್ಲೋರೈಡ್ ಪುಡಿಯಲ್ಲಿ ಉಳಿದರೆ ಬಿಸಿ ಮಾಡುವಾಗ ಕಣಗಳು ಒಂದಕ್ಕೊಂದು ಅಂಟಿ ದಪ್ಪವಾಗುತ್ತವೆ. ತೊಳೆದ ನೀರಿಗೆ ಸಿಲ್ವರ್ ನೈಟ್ರೇಟ್ ಹಾಕಿದಾಗ ಬಿಳಿ ಕದಡು ಕಾಣದಾಗುವವರೆಗೆ ತೊಳೆಯುತ್ತಲೇ ಇರಬೇಕು. ಇಷ್ಟೆಲ್ಲ ಸರಿಹೋದರೂ ಹಾಯಿಸುವ ಗಾಳಿಯಲ್ಲಿ ಲೇಶ ತೇವ ಹೆಚ್ಚುಕಡಿಮೆಯಾದರೆ ಫಲಿತಾಂಶವೇ ಬದಲಾಗುತ್ತದೆ. ಪಿಎಚ್‌.ಡಿ.ಗೆ ಒಳ್ಳೆಯ ವಿಷಯ, ನಾಲ್ಕು ತಿಂಗಳಿಗೆ ಅಲ್ಲ.

ನೈಟ್ರೋಫಿನಾಲಿನ ಕವಲು ಹಾಗಲ್ಲ. ಎಲ್ಲವೂ ನಿಮ್ಮ ಮೇಜಿನ ಮೇಲೆಯೇ ಆಗುತ್ತದೆ. ಚಿನ್ನದ ಲವಣ ಎಂದು ನಾವು ಕರೆಯುವ ಕ್ಲೋರೋಆರಿಕ್ ಆಮ್ಲ ದುಬಾರಿ, ಅದರ ತೂಕದಲ್ಲಿ ಅರ್ಧದಷ್ಟು ಚಿನ್ನವೇ ಇದೆ. ಆದರೂ ಲೆಕ್ಕ ಹಾಕಿದರೆ ಗಾಬರಿ ಇಳಿಯುತ್ತದೆ: ನೂರು ಮಿಲಿಲೀಟರ್ ಕೆಂಪು ದ್ರಾವಣಕ್ಕೆ ಹತ್ತು ಮಿಲಿಗ್ರಾಂ ಲವಣ ಸಾಕು, ಅಂದರೆ ಒಂದು ಗ್ರಾಂ ಸೀಸೆಯಿಂದ ಹತ್ತು ಲೀಟರ್. ಮೂವರು ವಿದ್ಯಾರ್ಥಿಗಳು ಹಂಚಿಕೊಂಡರೆ ಪ್ರತಿಯೊಬ್ಬರಿಗೂ ಧಾರಾಳ. ಆ ಲವಣ ಗಾಳಿಯ ತೇವವನ್ನು ಹೀರಿ ಅಂಟಂಟಾಗುತ್ತದೆ, ಆದ್ದರಿಂದ ಸೀಸೆ ಒಡೆದ ದಿನವೇ ಇಡೀ ಗ್ರಾಂ ಕರಗಿಸಿ ಕಂದು ಸೀಸೆಯಲ್ಲಿ ಇಟ್ಟುಬಿಡಿ. ಉಕ್ಕಿನ ಚಮಚ ಮುಟ್ಟಿಸಬೇಡಿ, ಚಿನ್ನ ಚಮಚದ ಮೇಲೆ ಕೂರುತ್ತದೆ.

ತಯಾರಿಯ ವಿಧಾನ ಟರ್ಕೆವಿಚ್ ಅವರದು, 1951ರದು. 1973ರಲ್ಲಿ ಫ್ರೆನ್ಸ್ ಅದನ್ನು ಗಾತ್ರಕ್ಕೆ ತಕ್ಕಂತೆ ಹದಗೊಳಿಸಿದರು. ಶೇ. 0.01ರ ಚಿನ್ನದ ದ್ರಾವಣ ಐವತ್ತು ಮಿಲಿಲೀಟರ್ ತೆಗೆದುಕೊಂಡು ಕುದಿಸಿ, ಕುದಿಯುತ್ತಿರುವಾಗ ಶೇ. 1ರ ಸೋಡಿಯಂ ಸಿಟ್ರೇಟ್ ಒಂದು ಮಿಲಿಲೀಟರನ್ನು ಒಮ್ಮೆಲೆ ಸುರಿಯಿರಿ. ತೆಳು ಹಳದಿ ಮೊದಲು ಮಾಯವಾಗುತ್ತದೆ. ದ್ರಾವಣ ನೀರಿನಂತೆ ಸ್ವಲ್ಪ ಹೊತ್ತು ಸುಮ್ಮನಿರುತ್ತದೆ. ಆಮೇಲೆ ಬೂದು ನೀಲಿ ಛಾಯೆ ಏಳುತ್ತದೆ, ಕಪ್ಪಾಗುತ್ತದೆ, ನೇರಳೆಯಾಗುತ್ತದೆ, ಕೊನೆಗೆ ದಾಳಿಂಬೆ ರಸದ ಕೆಂಪಿಗೆ ನಿಲ್ಲುತ್ತದೆ. ಕಣಗಳು ಸುಮಾರು 16 ನ್ಯಾನೊಮೀಟರ್, ಹೀರಿಕೆಯ ಶಿಖರ 520 ನ್ಯಾನೊಮೀಟರ್ ಆಸುಪಾಸು. ಸಿಟ್ರೇಟನ್ನು ಅರ್ಧಕ್ಕಿಳಿಸಿದರೆ ಕಣ 41ಕ್ಕೆ ಬೆಳೆಯುತ್ತದೆ.

ಇಲ್ಲಿ ನಮ್ಮ ಊರಿನ ನೀರಿನ ಮಾತು ಬರುತ್ತದೆ. ಬೋರ್‌ವೆಲ್ ನೀರಿನಲ್ಲಿ ತೊಳೆದ ಕೊನಿಕಲ್ ಫ್ಲಾಸ್ಕನ್ನು ಹಾಗೇ ಬಳಸಿದರೆ ಕೆಂಪು ಬರುವ ಬದಲು ನೀಲಿ ಬರುತ್ತದೆ, ಸಂಜೆಯ ಹೊತ್ತಿಗೆ ತಳದಲ್ಲಿ ಕಪ್ಪು ಗಸಿ. ಸಿಟ್ರೇಟ್ ಹೊದ್ದ ಕಣಗಳು ಒಂದನ್ನೊಂದು ದೂಡಿಕೊಂಡು ದೂರ ನಿಂತಿರುತ್ತವೆ. ಲವಣಾಂಶ ಆ ದೂಡುವಿಕೆಯನ್ನು ಮುರಿಯುತ್ತದೆ, ಕಣಗಳು ಗುಂಪುಗೂಡುತ್ತವೆ. ಗಾಜನ್ನು ರಾಜದ್ರಾವಣದಲ್ಲಿ (ಹೈಡ್ರೋಕ್ಲೋರಿಕ್ ಮತ್ತು ನೈಟ್ರಿಕ್ ಆಮ್ಲಗಳ ಮಿಶ್ರಣ) ತೊಳೆದು, ಎರಡು ಸಲ ಬಟ್ಟಿ ಇಳಿಸಿದ ನೀರಿನಲ್ಲಿ ಅಲುಬಿದ ಮೇಲೆಯೇ ಕೆಲಸ ಶುರುಮಾಡಿ.

ಕ್ರಿಯೆಯನ್ನು ನೋಡುವುದಂತೂ ಚೆಂದ. ನೈಟ್ರೋಫಿನಾಲಿಗೆ ಸೋಡಿಯಂ ಬೋರೋಹೈಡ್ರೈಡ್ ಹಾಕಿದರೆ ಗಾಢ ಹಳದಿ, 400 ನ್ಯಾನೊಮೀಟರಿನಲ್ಲಿ ಎತ್ತರದ ಶಿಖರ. ಅದು ಹಾಗೇ ಗಂಟೆಗಟ್ಟಲೆ ನಿಲ್ಲುತ್ತದೆ. ಒಂದೆರಡು ಹನಿ ಚಿನ್ನ ಬಿದ್ದರೆ ಶಿಖರ ಕುಸಿಯತೊಡಗುತ್ತದೆ, 300ರ ಬಳಿ ಚಿಕ್ಕದೊಂದು ಏಳುತ್ತದೆ, ಕ್ಯುವೆಟ್, ಅಂದರೆ ಯಂತ್ರದೊಳಗಿಡುವ ಪುಟ್ಟ ಪಾರದರ್ಶಕ ಪಾತ್ರೆ, ನಿಮ್ಮ ಕಣ್ಣೆದುರೇ ಬಣ್ಣ ಕಳೆದುಕೊಳ್ಳುತ್ತದೆ. ಬೋರೋಹೈಡ್ರೈಡ್ ನೂರು ಪಟ್ಟು ಹೆಚ್ಚಿರುವುದರಿಂದ ಹೀರಿಕೆಯ ಲಾಗರಿದಮ್ಮನ್ನು ಕಾಲದೆದುರು ಇಟ್ಟರೆ ಸರಳರೇಖೆ, ಅದರ ಇಳಿಜಾರೇ ವೇಗ ಸ್ಥಿರಾಂಕ, ಕ್ರಿಯೆ ಎಷ್ಟು ಬೇಗ ನಡೆಯುತ್ತದೆ ಎಂದು ಹೇಳುವ ಅಂಕಿ. ಒಂದು ಮಧ್ಯಾಹ್ನದಲ್ಲಿ ಒಂದು ಗ್ರಾಫ್ ಕೈಯಲ್ಲಿರುತ್ತದೆ.

ತೊಂದರೆ ಶುರುವಾಗುವುದು ಆಗಲೇ. ಆ ವೇಗ ಸ್ಥಿರಾಂಕ ಯಾವುದರ ಅಳತೆ? ಬೋರೋಹೈಡ್ರೈಡನ್ನು ಕರಗಿಸಿ ಅರ್ಧ ಗಂಟೆ ಬಿಟ್ಟು ಬಳಸಿದರೆ ಅಂಕಿ ಬೇರೆ, ಐಸಿನಲ್ಲಿಟ್ಟ ತಾಜಾ ದ್ರಾವಣ ಬಳಸಿದರೆ ಬೇರೆ. ನೀರಿನಲ್ಲಿ ಕರಗಿದ ಆಮ್ಲಜನಕ ಇದ್ದರೆ ಮೊದಲ ಕೆಲವು ಕ್ಷಣ ಏನೂ ಆಗದೆ ಸುಮ್ಮನಿರುತ್ತದೆ, ಆ ಕಾಲವನ್ನು ಬಿಟ್ಟು ರೇಖೆ ಎಳೆಯುವುದೋ ಸೇರಿಸಿ ಎಳೆಯುವುದೋ? ಕೋಣೆಯ ಉಷ್ಣತೆ ಮಾರ್ಚಿಯಲ್ಲಿ ಒಂದು, ಮೇಯಲ್ಲಿ ಇನ್ನೊಂದು. ಬೇರೆಯವರ ಪ್ರಬಂಧದಲ್ಲಿನ ಅಂಕಿಯ ಪಕ್ಕದಲ್ಲಿ ನಿಮ್ಮದನ್ನಿಟ್ಟು ನಮ್ಮ ಕಣ ಹೆಚ್ಚು ಚುರುಕು ಎಂದು ಬರೆಯುವ ಮೊದಲು ಎರಡೂ ಕಡೆ ಚಿನ್ನದ ಮೇಲ್ಮೈ ವಿಸ್ತೀರ್ಣ ಒಂದೇ ಇತ್ತೇ ಎಂದು ಕೇಳಬೇಕು. ವಿಸ್ತೀರ್ಣ ತಿಳಿಯಲು ಗಾತ್ರ ತಿಳಿಯಬೇಕು, ಗಾತ್ರಕ್ಕೆ ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ಬೇಕು, ಅದಕ್ಕೆ ಬೆಂಗಳೂರಿನ ಕಡೆ ಮುಖ ಮಾಡಬೇಕು. ಎಲೆಯ ರಸದಿಂದ ಮಾಡಿದ ಹಸಿರು ನ್ಯಾನೊಕಣ ಎಂದು ಬರುವ ಪ್ರಾಜೆಕ್ಟುಗಳಲ್ಲಿ ಈ ಗೊಂದಲ ಇನ್ನೂ ಹೆಚ್ಚು, ಏಕೆಂದರೆ ಕಣದ ಮೈಮೇಲೆ ಏನು ಕೂತಿದೆ ಎಂಬುದು ಮಾಡಿದವರಿಗೇ ಗೊತ್ತಿರುವುದಿಲ್ಲ. ಬೇವು, ತುಳಸಿ, ಲಕ್ಕಿಗಿಡ ಎಲ್ಲ ಆಗಿ ಹೋಗಿದೆ. ದಯವಿಟ್ಟು ಹೊಸ ಎಲೆ ಹುಡುಕಬೇಡಿ, ಹಳೆಯ ಅಳತೆಯನ್ನು ಸರಿಯಾಗಿ ಮಾಡಿ.

ಈ ದಾರಿ ಹಿಡಿದರೆ ನನ್ನ ಸಲಹೆ ಇಷ್ಟೇ: ಒಂದೇ ಬಗೆಯ ಕಣ, ಒಂದೇ ಕ್ರಿಯೆ, ಉಷ್ಣತೆಯನ್ನು ನೀರಿನ ತೊಟ್ಟಿಯಿಂದ ಹಿಡಿದಿಟ್ಟು ನಾಲ್ಕೈದು ಹಂತ, ಪ್ರತಿ ಹಂತದಲ್ಲಿ ಅದೇ ಅಳತೆ ಮತ್ತೆ ಮತ್ತೆ. ಚಿನ್ನವಿಲ್ಲದ ಕ್ಯುವೆಟ್ ಒಂದು, ಕೇವಲ ಸಿಟ್ರೇಟ್ ಇರುವುದು ಒಂದು, ಹೋಲಿಕೆಗೆ ಇರಲೇಬೇಕು.

ಡೋಸಿನ ದಾರಿ

ವಿಕಿರಣದ ಡೋಸ್ ಎಂದರೆ ಒಂದು ಕಿಲೋಗ್ರಾಂ ವಸ್ತುವಿನಲ್ಲಿ ಎಷ್ಟು ಜೂಲ್ ಶಕ್ತಿ ಉಳಿಯಿತು ಎಂಬ ಲೆಕ್ಕ. ಒಂದು ಜೂಲ್ ಉಳಿದರೆ ಒಂದು ಗ್ರೇ. ಎಷ್ಟು ಕಡಿಮೆ ಎನಿಸುತ್ತದೆ! ಆದರೆ ಇಡೀ ದೇಹಕ್ಕೆ ಒಮ್ಮೆಲೆ ನಾಲ್ಕೈದು ಗ್ರೇ ತಗುಲಿ ಚಿಕಿತ್ಸೆ ಸಿಗದಿದ್ದರೆ ಅರ್ಧದಷ್ಟು ಮಂದಿ ಉಳಿಯುವುದಿಲ್ಲ. ದೇಹಕ್ಕಾಗುವ ಹಾನಿಯನ್ನು ಲೆಕ್ಕಕ್ಕೆ ತಂದ ಡೋಸನ್ನು ಸೀವರ್ಟಿನಲ್ಲಿ ಹೇಳುತ್ತಾರೆ, ಗಾಮಾ ಕಿರಣಕ್ಕೆ ಒಂದು ಗ್ರೇ ಎಂದರೆ ಒಂದು ಸೀವರ್ಟ್. ವಿಕಿರಣದ ನಡುವೆ ಕೆಲಸ ಮಾಡುವವರಿಗೆ ನಮ್ಮ ದೇಶದ ಮಿತಿ ಐದು ವರ್ಷಗಳ ಸರಾಸರಿಯಲ್ಲಿ ವರ್ಷಕ್ಕೆ 20 ಮಿಲಿಸೀವರ್ಟ್, ಯಾವುದೇ ಒಂದು ವರ್ಷದಲ್ಲಿ 30 ಮೀರುವಂತಿಲ್ಲ. ಸಾರ್ವಜನಿಕರಿಗೆ ಒಂದು. ಎಂದರೆ ಡೋಸ್ ಎಂಬ ಒಂದೇ ಹೆಸರಿನಡಿ ಸಾವಿರ, ಲಕ್ಷ ಪಟ್ಟು ಅಂತರದ ಅಳತೆಗಳಿವೆ, ಒಂದಕ್ಕೆ ಒದಗುವ ಸಾಧನ ಇನ್ನೊಂದಕ್ಕೆ ಒದಗುವುದಿಲ್ಲ. ವಿಷಯ ಆರಿಸುವಾಗ ಯಾವ ಡೋಸ್ ಎಂಬುದನ್ನು ಮೊದಲು ಇತ್ಯರ್ಥ ಮಾಡಿಕೊಳ್ಳಿ.

ಮೇಜಿನ ಮೇಲಿನ ಯಂತ್ರಕ್ಕೆ ಒಗ್ಗುವುದು ಫ್ರಿಕೆ ದ್ರಾವಣ. ಹ್ಯೂಗೋ ಫ್ರಿಕೆ ಮತ್ತು ಮೋರ್ಸ್ 1927ರಲ್ಲಿ ಕೊಟ್ಟದ್ದು. ಇಂದಿಗೂ ಹಳಸಿಲ್ಲ. ಲೀಟರಿಗೆ ಒಂದು ಮಿಲಿಮೋಲ್ ಫೆರಸ್ ಅಮೋನಿಯಂ ಸಲ್ಫೇಟ್, ಅಷ್ಟೇ ಸೋಡಿಯಂ ಕ್ಲೋರೈಡ್, 0.4 ಮೋಲಾರ್ ಸಲ್ಫ್ಯೂರಿಕ್ ಆಮ್ಲ, ಗಾಳಿ ಚೆನ್ನಾಗಿ ಹಾಯಿಸಿದ ಶುದ್ಧ ನೀರು. ವಿಕಿರಣ ತಗುಲಿದಾಗ ಫೆರಸ್ ಅಯಾನು ಫೆರಿಕ್ ಆಗುತ್ತದೆ, ಫೆರಿಕ್ ಅನ್ನು 304 ನ್ಯಾನೊಮೀಟರಿನಲ್ಲಿ ಓದುತ್ತೇವೆ. ಕೋಬಾಲ್ಟ್-60ರ ಗಾಮಾ ಕಿರಣಕ್ಕೆ ಹೀರಿದ ಪ್ರತಿ ನೂರು ಎಲೆಕ್ಟ್ರಾನ್ ವೋಲ್ಟ್ (ಶಕ್ತಿಯ ಅತಿ ಚಿಕ್ಕ ಅಳತೆ) ಶಕ್ತಿಗೆ ಸುಮಾರು 15.6 ಫೆರಿಕ್ ಅಯಾನುಗಳು ಹುಟ್ಟುತ್ತವೆ. ಈ ಅಂಕಿಯನ್ನು ಪ್ರಪಂಚದ ಪ್ರಮಾಣ ಪ್ರಯೋಗಾಲಯಗಳು ಪದೇ ಪದೇ ಅಳೆದು ಗಟ್ಟಿ ಮಾಡಿವೆ. ಹಾಗಾಗಿ 25 ಡಿಗ್ರಿಯಲ್ಲಿ, ಒಂದು ಸೆಂಟಿಮೀಟರ್ ಕ್ಯುವೆಟ್‌ನಲ್ಲಿ, ಹೀರಿಕೆಯ ಏರಿಕೆಯನ್ನು 278ರಿಂದ ಗುಣಿಸಿದರೆ ಗ್ರೇ ಸಿಕ್ಕಿತು. ಏರಿಕೆ 0.5 ಇದ್ದರೆ ಸುಮಾರು 140 ಗ್ರೇ. ನೈಟ್ರೋಫಿನಾಲಿನ ವೇಗ ಸ್ಥಿರಾಂಕಕ್ಕೆ ಇಂಥ ಬೆನ್ನೆಲುಬು ಇಲ್ಲ.

ಬಳಕೆಯ ವ್ಯಾಪ್ತಿ ಸುಮಾರು 40ರಿಂದ 400 ಗ್ರೇ. ಅದಕ್ಕಿಂತ ಮೇಲೆ ಹೋದರೆ ದ್ರಾವಣದಲ್ಲಿನ ಆಮ್ಲಜನಕ ಮುಗಿದು ರೇಖೆ ಬಾಗುತ್ತದೆ. ಮನುಷ್ಯರ ಸುರಕ್ಷತೆಗೆ ಇದು ಉಪಯೋಗಕ್ಕೆ ಬಾರದು. ಮತ್ತೆ ಯಾವುದಕ್ಕೆ? ಚಿತ್ರದುರ್ಗ ಜಿಲ್ಲೆಯವರಿಗೆ ಉತ್ತರ ಹೊಲದಲ್ಲಿಯೇ ಇದೆ: ಈರುಳ್ಳಿ. ಗಡ್ಡೆ ಮೊಳೆಯದಂತೆ ಗಾಮಾ ಕಿರಣ ಹಾಯಿಸಲು ನಮ್ಮ ದೇಶದ ನಿಯಮ ಒಪ್ಪಿರುವ ಡೋಸ್ 20ರಿಂದ 200 ಗ್ರೇ. ನಾಸಿಕದ ಬಳಿಯ ಲಾಸಲಗಾಂವ್‌ನಲ್ಲಿ ಇದಕ್ಕೆಂದೇ ಘಟಕವಿದೆ. ಒಂದು ಚೀಲ ಈರುಳ್ಳಿಯ ನಡುವೆ, ಅಂಚಿನಲ್ಲಿ, ತಳದಲ್ಲಿ ಡೋಸ್ ಒಂದೇ ಇರುವುದಿಲ್ಲ. ಗಡ್ಡೆಗಳೇ ಕಿರಣವನ್ನು ತಡೆಯುತ್ತವೆ. ಚಿಕ್ಕ ಗಾಜಿನ ಶೀಷೆಗಳಲ್ಲಿ ಫ್ರಿಕೆ ದ್ರಾವಣ ತುಂಬಿ ಗಡ್ಡೆಗಳ ನಡುವೆ ಬೇರೆ ಬೇರೆ ಆಳದಲ್ಲಿಟ್ಟು, ಅತಿ ಹೆಚ್ಚು ಮತ್ತು ಅತಿ ಕಡಿಮೆ ಡೋಸಿನ ಅನುಪಾತ ಕಂಡುಹಿಡಿಯುವುದು ಚೊಕ್ಕವಾದ ಪ್ರಾಜೆಕ್ಟ್. ಪರೀಕ್ಷಕರಿಗೆ ವಿವರಿಸಬೇಕಾದ ಅಗತ್ಯವೂ ಇಲ್ಲ, ಈರುಳ್ಳಿ ಬೆಲೆ ಬಿದ್ದ ವರ್ಷದ ಸಂಕಟ ಇಲ್ಲಿ ಎಲ್ಲರಿಗೂ ಗೊತ್ತು.

ಕಷ್ಟವಿರುವುದು ಗಾಮಾ ಮೂಲ ನಮ್ಮ ಮೇಜಿನ ಮೇಲೆ ಇಲ್ಲ ಎಂಬಲ್ಲಿ. ಮಂಗಳೂರು ವಿಶ್ವವಿದ್ಯಾಲಯದ ವಿಕಿರಣ ಕೇಂದ್ರದಲ್ಲಿ ಮಾದರಿಯನ್ನು ಒಳಗಿಳಿಸಿ ಕಿರಣಕ್ಕೆ ಒಡ್ಡುವ ಗಾಮಾ ಚೇಂಬರ್ ಇದೆ, ದೆಹಲಿಯ ಇಂಟರ್ ಯೂನಿವರ್ಸಿಟಿ ಆಕ್ಸಲರೇಟರ್ ಸೆಂಟರಿನಲ್ಲಿ ಇದೆ. ವಿಭಾಗದ ಮುಖ್ಯಸ್ಥರ ಪತ್ರ, ಅರ್ಜಿ, ದಿನ ನಿಗದಿ, ಪ್ರಯಾಣ, ಇಷ್ಟಕ್ಕೇ ಒಂದೆರಡು ತಿಂಗಳು ಕೈಬಿಟ್ಟು ಹೋಗಬಹುದು. ಚಳ್ಳಕೆರೆ ತಾಲ್ಲೂಕಿನಲ್ಲಿ ಭಾಭಾ ಅಣು ಸಂಶೋಧನಾ ಕೇಂದ್ರಕ್ಕೆ ಜಾಗ ಕೊಟ್ಟಿರುವುದರಿಂದ ಕೆಲಸ ಅಲ್ಲೇ ಆಗಿಬಿಡುತ್ತದೆ ಎಂದುಕೊಳ್ಳುವವರಿದ್ದಾರೆ. ಅದು ವಿದ್ಯಾರ್ಥಿಗಳು ಶೀಷೆ ಹಿಡಿದುಕೊಂಡು ಹೋಗುವ ಜಾಗವಲ್ಲ.

ರಾತ್ರಿ ಬಸ್ಸಿನಲ್ಲಿ ದ್ರಾವಣ ಒಯ್ಯುವಾಗ ಒಂದು ಮಾತು ಮರೆಯಬೇಡಿ. ಫೆರಸ್ ಅಯಾನು ವಿಕಿರಣವಿಲ್ಲದೆಯೂ ಮೆಲ್ಲಗೆ ಫೆರಿಕ್ ಆಗುತ್ತಿರುತ್ತದೆ, ಬಿಸಿಲಿನಲ್ಲಿ ಇನ್ನೂ ಬೇಗ. ಕಿರಣಕ್ಕೆ ಒಡ್ಡದ ಎರಡು ಶೀಷೆಗಳು ಅದೇ ಪೆಟ್ಟಿಗೆಯಲ್ಲಿ ಹೋಗಿ ಅದೇ ಪೆಟ್ಟಿಗೆಯಲ್ಲಿ ವಾಪಸು ಬರಬೇಕು, ಅವುಗಳ ಹೀರಿಕೆಯನ್ನು ಕಳೆದ ಮೇಲೆಯೇ ಲೆಕ್ಕ. ಚೇಂಬರಿನ ಪ್ರಮಾಣಪತ್ರದಲ್ಲಿ ಡೋಸ್ ದರ ಬರೆದಿರುತ್ತದೆ, ಅದರ ದಿನಾಂಕ ನೋಡಿ. ಕೋಬಾಲ್ಟ್-60ರ ಅರ್ಧಾಯುಷ್ಯ 5.27 ವರ್ಷ. ಪತ್ರ ಎರಡು ವರ್ಷ ಹಳೆಯದಾದರೆ ದರ ಶೇ. 23ರಷ್ಟು ಇಳಿದಿರುತ್ತದೆ. ದರ ಗಂಟೆಗೆ ಒಂದು ಕಿಲೋಗ್ರೇ ಎಂದಿಟ್ಟುಕೊಂಡರೆ 140 ಗ್ರೇಗೆ ಎಂಟೂವರೆ ನಿಮಿಷ ಸಾಕು. ಇಷ್ಟು ಕಡಿಮೆ ಹೊತ್ತಿನಲ್ಲಿ ಮಾದರಿ ಕೆಳಗಿಳಿಯುವಾಗ, ಮೇಲೇಳುವಾಗ ತಗುಲುವ ಡೋಸ್ ಕೂಡ ಗಣನೆಗೆ ಬರುತ್ತದೆ. ಒಂದು ಹೊತ್ತಿಗೆ ಮಾತ್ರ ಅಳೆಯದೆ ಎರಡು, ನಾಲ್ಕು, ಆರು, ಎಂಟು ನಿಮಿಷಗಳಿಗೆ ಅಳೆದು ರೇಖೆ ಎಳೆಯಿರಿ. ಅದು ಸೊನ್ನೆ ನಿಮಿಷದಲ್ಲಿ ಸೊನ್ನೆಯನ್ನು ಮುಟ್ಟದೆ ಸ್ವಲ್ಪ ಮೇಲೆ ನಿಂತಿರುತ್ತದೆ. ಆ ಸ್ವಲ್ಪವೇ ಇಳಿದು ಏರುವಾಗಿನ ಡೋಸ್. ವರದಿಯಲ್ಲಿ ಈ ಒಂದು ಪ್ಯಾರಾ ಕಂಡರೆ ಕೆಲಸವನ್ನು ಸ್ವತಃ ಮಾಡಿದ್ದಾರೆ ಎಂದು ನನಗೆ ಖಾತ್ರಿಯಾಗುತ್ತದೆ.

ಇನ್ನು ಬೇಸಿಗೆ. ಫೆರಿಕ್‌ನ ಹೀರಿಕೆ ಪ್ರತಿ ಡಿಗ್ರಿಗೆ ಶೇ. 0.7ರಷ್ಟು ಏರುತ್ತದೆ. ಏಪ್ರಿಲ್ ಮಧ್ಯಾಹ್ನ ದಾವಣಗೆರೆಯ ಪ್ರಯೋಗಾಲಯದ ಕೋಣೆ 35 ಡಿಗ್ರಿ ಇದ್ದು, ನೀವು 25 ಡಿಗ್ರಿಯ ಸೂತ್ರ ಹಾಕಿದರೆ ಡೋಸ್ ಶೇ. 7ರಷ್ಟು ಹೆಚ್ಚಾಗಿ ಕಾಣುತ್ತದೆ. ತಪ್ಪು ಚಿಕ್ಕದೆನಿಸಬಹುದು. ಕ್ಯಾನ್ಸರ್ ಚಿಕಿತ್ಸೆಯಲ್ಲಿ ಗಡ್ಡೆಗೆ ಕೊಡುವ ಡೋಸ್ ಶೇ. 5ರೊಳಗೆ ನಿಖರವಾಗಿರಬೇಕೆಂಬುದು ಹಲವು ದಶಕಗಳಿಂದ ಅಂತರರಾಷ್ಟ್ರೀಯ ಶಿಫಾರಸು. ಥರ್ಮಾಮೀಟರ್ ಇಡದವರು ಡೋಸಿಮೆಟ್ರಿ ಮಾಡಿದೆವು ಎನ್ನಬಾರದು. ಬೆಳಗ್ಗೆ ಏಳಕ್ಕೆ ಬಂದು ಓದುವುದು ಹವಾನಿಯಂತ್ರಕ ಕೊಳ್ಳುವುದಕ್ಕಿಂತ ಅಗ್ಗ, ಕರೆಂಟು ಹೋಗುವ ಸಂಭವವೂ ಆಗ ಕಡಿಮೆ.

ಹೊಳೆಯುವ ಪುಡಿಗಳು

ಭೌತಶಾಸ್ತ್ರದವರಿಗೆ ಹೆಚ್ಚು ಪ್ರಿಯವಾದ ಡೋಸ್ ಕೆಲಸ ಥರ್ಮೋಲ್ಯೂಮಿನೆಸೆನ್ಸ್, ಅಂದರೆ ಕಿರಣ ತಗುಲಿದ ಪುಡಿ ಬಿಸಿ ಮಾಡಿದಾಗ ಬೆಳಗುವುದು. ಆಸ್ಪತ್ರೆಯ ಎಕ್ಸ್-ರೇ ಕೋಣೆಯಲ್ಲಿ ಕೆಲಸ ಮಾಡುವವರ ಎದೆಯ ಮೇಲೆ ತೂಗುವ ಬ್ಯಾಡ್ಜ್ ನೋಡಿರಬಹುದು. ನಮ್ಮ ದೇಶದಲ್ಲಿ ಅದರೊಳಗಿರುವುದು ಡಿಸ್ಪ್ರೋಸಿಯಂ ಬೆರೆಸಿದ ಕ್ಯಾಲ್ಸಿಯಂ ಸಲ್ಫೇಟನ್ನು ಟೆಫ್ಲಾನಿನಲ್ಲಿ ಒತ್ತಿ ಮಾಡಿದ ಮೂರು ಬಿಲ್ಲೆಗಳು. ಮೂರರ ಮುಂದೆಯೂ ಒಂದೇ ಬಗೆಯ ಹೊದಿಕೆ ಇರುವುದಿಲ್ಲ, ಕಿರಣದ ಬಗೆ ಮತ್ತು ಶಕ್ತಿಯನ್ನು ಊಹಿಸಲು ಅದೇ ಆಧಾರ. ಮೂರು ತಿಂಗಳಿಗೊಮ್ಮೆ ಬಿಸಿ ಮಾಡಿ, ಹೊಮ್ಮಿದ ಬೆಳಕನ್ನು ಎಣಿಸಿ ಡೋಸ್ ಹೇಳುತ್ತಾರೆ. ಲಿಥಿಯಂ ಫ್ಲೋರೈಡಿನ ಪುಡಿ ಇದಕ್ಕಿಂತ ಮಂದ, ಆದರೆ ನಮ್ಮ ಮಾಂಸಖಂಡದ ಹಾಗೆಯೇ ಕಿರಣವನ್ನು ಹೀರುತ್ತದೆ. ಕ್ಯಾಲ್ಸಿಯಂ ಸಲ್ಫೇಟ್ ಚುರುಕು, ಆದರೆ ಕಡಿಮೆ ಶಕ್ತಿಯ ಎಕ್ಸ್-ಕಿರಣಕ್ಕೆ ಹತ್ತು ಪಟ್ಟು ಉತ್ಪ್ರೇಕ್ಷೆ ಮಾಡುತ್ತದೆ. ಆ ಹೊದಿಕೆಗಳು ಇರುವುದು ಅದನ್ನು ತಿದ್ದಲು.

ಹೊಸ ಪುಡಿ ಮಾಡುವುದು ನಮ್ಮಲ್ಲಿ ಕಷ್ಟವಲ್ಲ. ಲೋಹದ ನೈಟ್ರೇಟುಗಳಿಗೆ ಯೂರಿಯಾ ಬೆರೆಸಿ 500 ಡಿಗ್ರಿಯ ಕುಲುಮೆಯಲ್ಲಿಟ್ಟರೆ ನಿಮಿಷಗಳಲ್ಲಿ ಬುಸ್ಸೆಂದು ಉರಿದು ನೊರೆಯಂಥ ಆಕ್ಸೈಡ್ ಉಳಿಯುತ್ತದೆ. ಅಷ್ಟು ಸುಲಭವಾದ್ದರಿಂದಲೇ ಹೊಸ ಹೊಸ ಪುಡಿಗಳ ರಾಶಿ ಬಿದ್ದಿದೆ, ಎಲ್ಲದರ ಕೊನೆಯ ಸಾಲೂ ಈ ವಸ್ತು ಡೋಸಿಮೀಟರ್ ಆಗಲು ಯೋಗ್ಯ ಎಂಬುದೇ. ಬಿಸಿ ಮಾಡಿದಾಗ ಬೆಳಗಿದ ಮಾತ್ರಕ್ಕೆ ಯೋಗ್ಯತೆ ಬರುವುದಿಲ್ಲ. ಡೋಸ್ ಇಮ್ಮಡಿಯಾದರೆ ಬೆಳಕೂ ಇಮ್ಮಡಿಯಾಗುತ್ತದೆಯೇ, ತಿಂಗಳು ಕಳೆದರೆ ಎಷ್ಟು ಮಾಸುತ್ತದೆ, ಹತ್ತು ಸಲ ಬಳಸಿದರೂ ಅದೇ ಉತ್ತರವೇ ಎಂಬುದನ್ನು ತೋರಿಸಬೇಕು. ಕಿರಣ ಬೀರಲೂ ಹೊರಗೆ, ಬೆಳಕು ಓದಲೂ ಹೊರಗೆ ಹೋಗಬೇಕಾದವರಿಗೆ ಈ ಮೂರೂ ಪರೀಕ್ಷೆ ನಾಲ್ಕು ತಿಂಗಳಲ್ಲಿ ಮುಗಿಯುವುದಿಲ್ಲ. ಓದುವ ಯಂತ್ರ ನಿಮ್ಮ ವಿಭಾಗದಲ್ಲಿಯೇ ಇದ್ದರೆ ಮಾತ್ರ ಇದನ್ನು ಕೈಗೆತ್ತಿಕೊಳ್ಳಿ. ಮುಂದೆ ಆಸ್ಪತ್ರೆಯ ವೈದ್ಯಕೀಯ ಭೌತವಿಜ್ಞಾನಿ ಆಗಬೇಕೆಂದಿದ್ದರೆ, ಭಾಭಾ ಕೇಂದ್ರದ ಒಂದು ವರ್ಷದ ರೇಡಿಯಾಲಾಜಿಕಲ್ ಫಿಸಿಕ್ಸ್ ಡಿಪ್ಲೊಮಾದ ಮೇಲೆ ಕಣ್ಣಿದ್ದರೆ, ಪುಡಿ ಮಾಡುವುದಕ್ಕಿಂತ ಫ್ರಿಕೆ ಮಾಡಿದವರಿಗೇ ಸಂದರ್ಶನದಲ್ಲಿ ಹೇಳಲು ಹೆಚ್ಚಿರುತ್ತದೆ ಎಂಬುದು ನನ್ನ ಅನಿಸಿಕೆ.

ಎರಡೂ ಬೇಕೆನ್ನುವವರಿಗೆ

ಚಿನ್ನವೇ ಡೋಸ್ ಹೇಳುವ ಸಂದರ್ಭಗಳೂ ಇವೆ. ರಿಯಾಕ್ಟರುಗಳಲ್ಲಿ ತೆಳು ಚಿನ್ನದ ಹಾಳೆ ಇಟ್ಟು ನ್ಯೂಟ್ರಾನುಗಳನ್ನು ಎಣಿಸುತ್ತಾರೆ. ಚಿನ್ನ-197 ಒಂದು ನ್ಯೂಟ್ರಾನ್ ನುಂಗಿ ಚಿನ್ನ-198 ಆಗುತ್ತದೆ, 2.7 ದಿನದ ಅರ್ಧಾಯುಷ್ಯದಲ್ಲಿ 412 ಕಿಲೋ ಎಲೆಕ್ಟ್ರಾನ್ ವೋಲ್ಟಿನ ಗಾಮಾ ಬಿಡುತ್ತದೆ. ಅದು ನಮ್ಮ ಕೈಗೆಟುಕುವುದಿಲ್ಲ. ಎಟುಕುವುದು ಇನ್ನೊಂದು: ಚಿನ್ನದ ಲವಣದ ದ್ರಾವಣಕ್ಕೆ ಐಸೊಪ್ರೊಪೈಲ್ ಆಲ್ಕೊಹಾಲ್ ಮತ್ತು ಕಣಗಳನ್ನು ಕಾಪಾಡುವ ಪಾಲಿಮರ್ ಬೆರೆಸಿ, ನೈಟ್ರೊಜನ್ ಹಾಯಿಸಿ ಆಮ್ಲಜನಕ ಓಡಿಸಿ, ಗಾಮಾ ಚೇಂಬರಿನಲ್ಲಿಡುವುದು. ಕಿರಣ ನೀರನ್ನು ಒಡೆದಾಗ ಹುಟ್ಟುವ ಎಲೆಕ್ಟ್ರಾನುಗಳು ಚಿನ್ನದ ಅಯಾನುಗಳನ್ನು ಲೋಹವಾಗಿಸುತ್ತವೆ. ಸಿಟ್ರೇಟ್ ಬೇಡ, ಕುದಿಸುವುದು ಬೇಡ, ಡೋಸ್ ಏರಿದಂತೆ ಕೆಂಪು ಏರುತ್ತದೆ. ಅದೇ ಕಣಗಳನ್ನು ತಂದು ನೈಟ್ರೋಫಿನಾಲಿಗೆ ಹಾಕಿ ವೇಗವನ್ನೂ ಅಳೆಯಬಹುದು.

ಆಕರ್ಷಕ ವಿಷಯ, ಆದರೆ ಇಲ್ಲಿ ಎರಡೂ ದಾರಿಗಳ ಕಷ್ಟ ಒಟ್ಟಿಗೆ ಬರುತ್ತದೆ. ಕೆಂಪು ಸೊನ್ನೆ ಡೋಸಿನಿಂದಲೇ ಏರುವುದಿಲ್ಲ, ಕಣದ ಬೀಜ ಹುಟ್ಟುವವರೆಗೆ ಸುಮ್ಮನಿರುತ್ತದೆ, ಆಮೇಲೆ ಒಮ್ಮೆಗೇ ಏರುತ್ತದೆ. ಆದ್ದರಿಂದ ಪಕ್ಕದಲ್ಲಿ ಫ್ರಿಕೆ ಶೀಷೆ ಇಲ್ಲದೆ ಈ ಬಣ್ಣಕ್ಕೆ ಯಾವ ಅಂಕಿಯನ್ನೂ ಅಂಟಿಸಬೇಡಿ. ರಸಾಯನಶಾಸ್ತ್ರದ ಒಬ್ಬರು, ಭೌತಶಾಸ್ತ್ರದ ಒಬ್ಬರು ಜೋಡಿಯಾಗಿ ಮಾಡಲು ವಿಶ್ವವಿದ್ಯಾಲಯ ಒಪ್ಪಿದರೆ ನಾನು ಮೊದಲು ಸಹಿ ಹಾಕುವುದು ಇದಕ್ಕೇ. ಒಬ್ಬರೇ ಆದರೆ ಬೇಡ.

ಯಂತ್ರವನ್ನು ಮೊದಲು ಪರೀಕ್ಷಿಸಿ

ಮಾರ್ಗದರ್ಶಕರ ಬಳಿ ವಿಷಯದ ಮಾತೆತ್ತುವ ಮೊದಲು ಅರ್ಧ ದಿನ ಸ್ಪೆಕ್ಟ್ರೋಫೋಟೋಮೀಟರಿನ ಮುಂದೆ ಕೂರಿ. ಒಣಗಿಸಿದ ಪೊಟ್ಯಾಸಿಯಂ ಡೈಕ್ರೋಮೇಟ್ 60 ಮಿಲಿಗ್ರಾಂ ತೂಗಿ, 0.005 ಮೋಲಾರ್ ಸಲ್ಫ್ಯೂರಿಕ್ ಆಮ್ಲದಲ್ಲಿ ಕರಗಿಸಿ ಒಂದು ಲೀಟರ್ ಮಾಡಿ. ದೀಪ ಅರ್ಧ ಗಂಟೆ ಕಾದ ಮೇಲೆ 350 ನ್ಯಾನೊಮೀಟರಿನಲ್ಲಿ ಓದಿದರೆ 0.64 ಬರಬೇಕು. ಬಂದರೆ ಫ್ರಿಕೆಯನ್ನೂ ಮಾಡಬಹುದು, ಚಿನ್ನವನ್ನೂ ಮಾಡಬಹುದು. 0.58 ಬಂದರೆ ಫ್ರಿಕೆಯ ಡೋಸಿನಲ್ಲಿ ಅಷ್ಟೂ ತಪ್ಪು ನೇರವಾಗಿ ಸೇರಿಕೊಳ್ಳುತ್ತದೆ. ಚಿನ್ನದ ಕೆಲಸ ಹೇಗೋ ನಡೆಯುತ್ತದೆ, ಏಕೆಂದರೆ ಎಲ್ಲ ಓದುಗಳೂ ಒಂದೇ ಪ್ರಮಾಣದಲ್ಲಿ ತಗ್ಗಿದ್ದರೆ ಲಾಗರಿದಮ್ಮಿನ ಇಳಿಜಾರು ಬದಲಾಗುವುದಿಲ್ಲ. ಓದು ನಿಮಿಷ ನಿಮಿಷಕ್ಕೂ ಕುಣಿಯುತ್ತಿದ್ದರೆ ಎರಡೂ ಬೇಡ. ದುರಸ್ತಿಯವರು ಬರುತ್ತಾರೆಂದು ಕಾದು ಸೆಮಿಸ್ಟರ್ ಕಳೆಯಬೇಡಿ.

ಅಂಥವರಿಗೆ ಈ ಯಂತ್ರವೇ ಬೇಡದ ಮೂರನೆಯ ವಿಷಯವೊಂದಿದೆ: ಮನೆಯೊಳಗಿನ ರೇಡಾನ್. ಕಗ್ಗಲ್ಲಿನ ಸೀಮೆಯಲ್ಲಿ ಇದಕ್ಕೆ ಅರ್ಥವಿದೆ. ಬಂಡೆಯಲ್ಲಿನ ಅಲ್ಪ ಯುರೇನಿಯಂ ಕೊಳೆಯುತ್ತ ರೇಡಾನ್ ಅನಿಲವಾಗಿ ಹೊರಬರುತ್ತದೆ, ಅರ್ಧಾಯುಷ್ಯ 3.8 ದಿನ, ಗಾಳಿಯಾಡದ ಕೋಣೆಯಲ್ಲಿ ಕೂಡಿಕೊಳ್ಳುತ್ತದೆ. ಎಲ್‌ಆರ್-115 ಎಂಬ ಕೆಂಪು ಪೊರೆಯ ತುಂಡುಗಳನ್ನು ಡಬ್ಬಿಯಲ್ಲಿಟ್ಟು ಮನೆಗಳಲ್ಲಿ ಮೂರು ತಿಂಗಳು ತೂಗುಹಾಕಿ, ತಂದು 60 ಡಿಗ್ರಿಯ 2.5 ನಾರ್ಮಲ್ ಸೋಡಿಯಂ ಹೈಡ್ರಾಕ್ಸೈಡಿನಲ್ಲಿ ಒಂದೂವರೆ ಗಂಟೆ ಇಟ್ಟರೆ ಆಲ್ಫಾ ಕಣ ತೂರಿದ ಜಾಗಗಳು ಸೂಕ್ಷ್ಮದರ್ಶಕದಲ್ಲಿ ರಂಧ್ರಗಳಾಗಿ ಕಾಣುತ್ತವೆ. ಎಣಿಸುವುದಷ್ಟೇ ಕೆಲಸ, ತಾಳ್ಮೆ ಬೇಕು. ಮೂರು ತಿಂಗಳು ಪೊರೆಗೇ ಹೋಗುವುದರಿಂದ ಸೆಮಿಸ್ಟರಿನ ಮೊದಲ ವಾರವೇ ತೂಗುಹಾಕಿರಬೇಕು. ವಿಶ್ವ ಆರೋಗ್ಯ ಸಂಸ್ಥೆ ಸೂಚಿಸುವ ಮಟ್ಟ ಘನಮೀಟರಿಗೆ 100 ಬೆಕೆರೆಲ್ (ಸೆಕೆಂಡಿಗೆ ಒಂದು ಪರಮಾಣು ಕೊಳೆದರೆ ಒಂದು ಬೆಕೆರೆಲ್), ಅದು ಸಾಧ್ಯವಾಗದ ಕಡೆ ಹೆಚ್ಚೆಂದರೆ 300. ಕಲ್ಲಿನ ಗೋಡೆಯ, ಚಪ್ಪಡಿ ನೆಲದ ಹಳೆಯ ಮನೆ ಮತ್ತು ಸಿಮೆಂಟಿನ ಹೊಸ ಮನೆ ಎರಡನ್ನೂ ಆರಿಸಿ. ಡಬ್ಬಿ ತೂಗುಹಾಕುವ ದಿನವೇ ಮನೆಯವರಿಗೆ ಅಳತೆಯ ಅರ್ಥವನ್ನು ವಿವರಿಸಿ, ಫಲಿತಾಂಶ ಅವರಿಗೇ ಮೊದಲು ತಲುಪುತ್ತದೆ ಎಂದು ಮಾತು ಕೊಡಿ. ಅಂಕಿ ಹೆಚ್ಚು ಬಂದರೆ ಕಿಟಕಿ ತೆರೆದಿಡಿ, ನೆಲದ ಬಿರುಕು ಮುಚ್ಚಿಸಿ ಎಂದು ಹೇಳಿ. ಮನೆ ಬಿಟ್ಟು ಹೋಗಬೇಕಾದ ಸಂಗತಿಯಲ್ಲ ಅದು.